ಉದ್ದ ಪದಕ್ಕೆ ಅಂಜಬೇಡಿ

ಮಕ್ಕಳೇ, ಇಂಗ್ಲಿಷ್ ಪಾಠದಲ್ಲಿ ಉದ್ದವಾದ ಪದ ಬಂದರೆ ನೀವೇನು ಮಾಡುತ್ತೀರಿ? ಕೆಲವರು ಅದನ್ನು ಬಿಟ್ಟು ಮುಂದೆ ಓದುತ್ತಾರೆ. ಕೆಲವರು ಒಂದೊಂದೇ ಅಕ್ಷರ ಹೇಳುತ್ತ ಬಾಯಿಪಾಠ ಮಾಡುತ್ತಾರೆ. ಎರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬಿಟ್ಟ ಪದ ಮುಂದಿನ ಪುಟದಲ್ಲಿ ಮತ್ತೆ ಎದುರಾಗುತ್ತದೆ. ಬಾಯಿಪಾಠ ಮಾಡಿದ ಪದದಲ್ಲಿ ನಡುವಿನ ಒಂದು ಅಕ್ಷರ ಮರೆತರೆ ಉಳಿದದ್ದೂ ನೆನಪಾಗುವುದಿಲ್ಲ. ಹೀಗೆ ಅಂಜಿ ಅಂಜಿ, ‘ಇಂಗ್ಲಿಷ್ ನಮ್ಮಂಥವರಿಗಲ್ಲ’ ಎಂದು ಪುಸ್ತಕ ಮುಚ್ಚಿಡುವ ಜಾಣ ಮಕ್ಕಳೂ ಇದ್ದಾರೆ.

‘ಇಂಟರ್‌ನ್ಯಾಶನಲ್’ ಎಂಬ ಪದವನ್ನೇ ನೋಡಿ. ಇಂಗ್ಲಿಷಿನಲ್ಲಿ ಅದಕ್ಕೆ 13 ಅಕ್ಷರಗಳು! ನಿಧಾನವಾಗಿ ಹೇಳುತ್ತ ಚಪ್ಪಾಳೆ ತಟ್ಟಿರಿ: ಇನ್, ಟರ್, ನ್ಯಾ, ಶನ್, ಅಲ್. ಐದೇ ಚಪ್ಪಾಳೆ. ಗಟ್ಟಿಯಾಗಿ ಓದಲು ಇಷ್ಟು ಸಾಕು.

ಅರ್ಥ ತಿಳಿಯಬೇಕಾದರೆ ಬೇರೆ ರೀತಿಯಲ್ಲಿ ಬಿಡಿಸಬೇಕು. ‘ಇಂಟರ್’ ಎಂದರೆ ನಡುವೆ. ‘ನೇಶನ್’ ಎಂದರೆ ರಾಷ್ಟ್ರ. ಕೊನೆಯ ‘ಅಲ್’ ಎಂದರೆ ‘ಅದಕ್ಕೆ ಸಂಬಂಧಿಸಿದ’. ನಮ್ಮ ‘ಅಂತರರಾಷ್ಟ್ರೀಯ’ ಪದವನ್ನೂ ಹೀಗೆಯೇ ಕಟ್ಟಿದ್ದಾರಲ್ಲವೇ? ಅಂತರ, ರಾಷ್ಟ್ರ, ಈಯ. ನಿಮ್ಮ ಮರಾಠಿ ಪುಸ್ತಕದ ‘ಆಂತರರಾಷ್ಟ್ರೀಯ’ವೂ ಹಾಗೆಯೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಿಮಗೆ ಈ ಕೆಲಸ ಹೊಸದೇನಲ್ಲ.

ಚಪ್ಪಾಳೆಗಿಂತ ಈ ಎರಡನೆಯ ರೀತಿಯೇ ನನಗೆ ಹೆಚ್ಚು ಇಷ್ಟ. ಏಕೆಂದರೆ ಇಂಗ್ಲಿಷಿನಲ್ಲಿ ಕಿವಿಯನ್ನಷ್ಟೇ ನಂಬುವಂತಿಲ್ಲ. ಒಂಟಿಯಾಗಿದ್ದಾಗ ‘ನೇಶನ್’ ಎನ್ನುತ್ತೇವೆ; ಬಾಲ ಸೇರಿದೊಡನೆ ಅದು ‘ನ್ಯಾಶನಲ್’ ಆಗುತ್ತದೆ. ಧ್ವನಿ ಬದಲಾಯಿತು. ಆದರೆ ಎನ್, ಎ, ಟಿ, ಐ, ಓ, ಎನ್ ಎಂಬ ಆರು ಅಕ್ಷರಗಳು ಬದಲಾಗಲಿಲ್ಲ. ‘ಶ’ ಕೇಳಿಸಿತೆಂದು ಎಸ್, ಎಚ್ ಬರೆದವನ ವಹಿಯಲ್ಲಿ ಕೆಂಪು ಗೆರೆ ಬೀಳುತ್ತದೆ. ‘ನೇಶನ್’ ಪದವನ್ನು ಗುರುತಿಸಿದವನು ತಪ್ಪದೆ ಬರೆಯುತ್ತಾನೆ. ‘ಸ್ಟೇಶನ್’, ‘ಅಡಿಶನ್’ ಪದಗಳ ಕೊನೆಯಲ್ಲಿಯೂ ಅದೇ ಟಿ, ಐ, ಓ, ಎನ್ ಇವೆ. ಒಂದನ್ನು ಕಲಿತರೆ ಹಲವು ಪದಗಳು ಸುಲಭವಾಗುತ್ತವೆ.

ಆದರೆ ಕಂಡಕಂಡಲ್ಲಿ ಕತ್ತರಿ ಹಾಕಬೇಡಿ. ‘ಅನ್‌ಹ್ಯಾಪಿ’ಯ ಮೊದಲಿನ ಯು, ಎನ್ ತೆಗೆದರೆ ‘ಹ್ಯಾಪಿ’ ಉಳಿಯುತ್ತದೆ. ‘ಅಂಕಲ್’ ಪದವೂ ಯು, ಎನ್ ಅಕ್ಷರಗಳಿಂದಲೇ ಆರಂಭವಾಗುತ್ತದೆ. ಅಲ್ಲಿ ಕತ್ತರಿಸಿದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ. ಕನ್ನಡದಲ್ಲಿ ‘ಅನ್ಯಾಯ’ವನ್ನು ಬಿಡಿಸಿದರೆ ‘ನ್ಯಾಯ’ ಸಿಗುತ್ತದೆ. ‘ಅಕ್ಕ’ನನ್ನು ಬಿಡಿಸಿದರೆ ಏನು ಸಿಕ್ಕೀತು?