ಹೃದ್ರೋಗಿಯ ದಂತಚಿಕಿತ್ಸೆಯೂ ಒಂದು ಸಾಲಿನ ಚೀಟಿಯೂ

ವಕ್ರದಂತಗಳನ್ನು ತಂತಿ ಹಾಕಿಸಿ ಸರಿಪಡಿಸಿಕೊಳ್ಳಲೆಂದು ಬಂದ ಹೃದ್ರೋಗಿಗೆ ದಂತವೈದ್ಯರು ಸಾಮಾನ್ಯವಾಗಿ ಹೇಳುವ ಮೊದಲ ಮಾತು, "ಹಾರ್ಟ್ ಡಾಕ್ಟರ ಹತ್ತಿರ ಫಿಟ್‌ನೆಸ್ ಬರೆಸಿಕೊಂಡು ಬನ್ನಿ" ಎಂಬುದು. ಅಲ್ಲಿಂದ ಅವನು ತರುವುದು, ಬಹುಮಟ್ಟಿಗೆ, ಚಿಕಿತ್ಸೆಗೆ ಅಡ್ಡಿಯಿಲ್ಲವೆಂಬ ಒಂದೇ ಸಾಲಿನ ಚೀಟಿ. ಉಭಯ ವೈದ್ಯರ ಹೊಣೆಯನ್ನು ಹಗುರಗೊಳಿಸುವ ಈ ಚೀಟಿಯು ರೋಗಿಯ ಅಪಾಯವನ್ನು ಎಳ್ಳಷ್ಟೂ ಕುಗ್ಗಿಸಲಾರದೆಂಬುದೇ ನನ್ನ ಆಕ್ಷೇಪ.

ಹೃದ್ರೋಗವೆಂಬುದು ಒಂದೇ ವ್ಯಾಧಿಯಲ್ಲ. ದಂತಚಿಕಿತ್ಸೆಯೂ ಒಂದೇ ಕ್ರಿಯೆಯಲ್ಲ. ಕೃತಕ ಕವಾಟವುಳ್ಳವರಿಗೂ, ಹಿಂದೊಮ್ಮೆ ಹೃದಯದ ಒಳಪೊರೆಯ ಸೋಂಕಿಗೆ ತುತ್ತಾದವರಿಗೂ, ಕೆಲವು ಬಗೆಯ ಜನ್ಮಜಾತ ಹೃದ್ರೋಗವುಳ್ಳವರಿಗೂ ಒಸಡಿನ ಮೂಲಕ ರಕ್ತವನ್ನು ಸೇರಿದ ಸೂಕ್ಷ್ಮಾಣುಗಳು ಪ್ರಾಣಾಂತಿಕವಾಗಬಲ್ಲವಾದಕಾರಣ, ಅಮೆರಿಕದ ಹೃದಯ ಸಂಘವು 2007ರಲ್ಲಿ ಮುಂಜಾಗ್ರತೆಯ ಆಂಟಿಬಯಾಟಿಕ್ಕನ್ನು ಇಂಥ ಅತ್ಯಪಾಯದವರಿಗೆ ಮಾತ್ರ ಮೀಸಲಿರಿಸಿತು. ಅವರಿಗೂ ಹಲ್ಲಿನ ಮೇಲೆ ಬ್ರಾಕೆಟ್ ಅಂಟಿಸುವಾಗ ಅದು ಬೇಕಿಲ್ಲ. ದವಡೆಹಲ್ಲಿನ ಸುತ್ತ ಒಸಡನ್ನೊತ್ತಿ ಬ್ಯಾಂಡ್ ಕೂರಿಸುವಾಗ, ಹಲ್ಲು ಕೀಳುವಾಗ ಬೇಕು: ಅಲರ್ಜಿಯಿಲ್ಲದ ವಯಸ್ಕರಿಗೆ ಅರ್ಧದಿಂದ ಒಂದು ಗಂಟೆ ಮುಂಚೆ 2 ಗ್ರಾಂ ಅಮಾಕ್ಸಿಸಿಲಿನ್. ಆದರೂ ಮಾತ್ರೆಗಿಂತ ಮಿಗಿಲಾದ ರಕ್ಷೆ ಬಾಯಿಯ ನಿತ್ಯಶೌಚವೇ. ತಂತಿಯ ಸಂದಿನಲ್ಲಿ ಕೊಳೆ ನಿಂತು ಒಸಡು ಊದಿಕೊಂಡರೆ, ದಿನವೂ ಹಲ್ಲುಜ್ಜುವಾಗಲೇ ಸೂಕ್ಷ್ಮಾಣುಗಳು ರಕ್ತವನ್ನು ಸೇರುತ್ತವೆ.

ತಂತಿಯೊಂದರಿಂದಲೇ ಸರಿಹೋಗದ ವಕ್ರತೆಗೆ ಮಾಡುವ ದವಡೆಯ ಶಸ್ತ್ರಕ್ರಿಯೆಯದು ಇನ್ನೂ ಜಟಿಲವಾದ ವಿಚಾರ. ಮೂಳೆಯನ್ನು ಕತ್ತರಿಸಿ ಸರಿಸುವಾಗ ರಕ್ತಸ್ರಾವ ತಗ್ಗಲೆಂದು ಅರಿವಳಿಕೆಯ ವೈದ್ಯರು ರಕ್ತದೊತ್ತಡವನ್ನು ಉದ್ದೇಶಪೂರ್ವಕವಾಗಿ ಇಳಿಸುವುದುಂಟು. ಮಹಾಧಮನಿಯ ಕವಾಟ ಸಂಕುಚಿತವಾದವನ ಹೃದಯ ಅದನ್ನು ತಾಳಲಾರದು. ಲೋಹದ ಕವಾಟವುಳ್ಳವನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸಿಟ್ರೋಮ್ ಮಾತ್ರೆಯನ್ನು ತಾನಾಗಿ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟೀತು, ನಿಲ್ಲಿಸದಿದ್ದರೆ ಶಸ್ತ್ರಕ್ರಿಯೆಯಲ್ಲಿ ರಕ್ತ ಹರಿದೀತು. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವನಿಗಂತೂ ತಿಂಗಳುಗಟ್ಟಲೆ ಮುಂದೂಡುವುದೇ ವಿಹಿತ.

ಹೃದಯವೇ ಕೆಟ್ಟಿರುವಾಗ ಹಲ್ಲಿನ ಚಿಂತೆಯೇಕೆಂದು ಕೆಲವರು ಕೇಳಿಯಾರು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡದೆ ರೊಟ್ಟಿಯ ಚೂರನ್ನೂ ಕಚ್ಚಲಾರದ ಎಳೆಯನಿಗೆ ಈ ಉತ್ತರವೀಯುವುದು ನ್ಯಾಯವಲ್ಲ. ದಂತವೈದ್ಯರು ತಾವು ಮಾಡಲಿರುವುದೇನು, ಎಷ್ಟು ರಕ್ತ ಹೋದೀತು, ಅರಿವಳಿಕೆ ಯಾವುದು ಎಂಬುದನ್ನು ಬರೆದು ಕಳಿಸಲಿ. ಹೃದಯವೈದ್ಯರು ರೋಗದ ಹೆಸರು, ಕವಾಟದ ಸ್ಥಿತಿ, ರಕ್ತ ಹೆಪ್ಪುಗಟ್ಟುವ ಅವಧಿಯನ್ನು ಸೂಚಿಸುವ ಐಎನ್‌ಆರ್, ಯಾವ ಮಾತ್ರೆಯನ್ನು ಎಂದು ನಿಲ್ಲಿಸಿ ಎಂದು ಆರಂಭಿಸಬೇಕೆಂಬುದನ್ನು ಬರೆದು ಉತ್ತರಿಸಲಿ. ಹೊರರೋಗಿಗಳ ಸಾಲು ಉದ್ದವಿರುವುದು ನಿಜ. ಆದರೆ ದವಡೆಯ ಶಸ್ತ್ರಕ್ರಿಯೆ ಸಾಮಾನ್ಯವಾಗಿ ತುರ್ತಿನದಲ್ಲವಾದ್ದರಿಂದ, ಆ ಉತ್ತರ ಬರುವವರೆಗೆ ಕಾಯಲು ವೈದ್ಯರಿಗೂ ರೋಗಿಗೂ ಅಡ್ಡಿಯೇನೂ ಇಲ್ಲ.