ಕಾಯಲೊಲ್ಲದ ಸರ್ವರ್

‘ನಿಮ್ಮ ಸೆಷನ್ ಮುಗಿದಿದೆ. ದಯವಿಟ್ಟು ಮತ್ತೊಮ್ಮೆ ಲಾಗಿನ್ ಆಗಿ.’

ಈ ವಾಕ್ಯವನ್ನು ಓದದೇ ಇರುವವರು ಈ ಪತ್ರಿಕೆಯ ಓದುಗರಲ್ಲಿ ಯಾರೂ ಇರಲಾರರು. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಶುಲ್ಕ, ಜಾತಿ ಪ್ರಮಾಣಪತ್ರ, ಹಾಸ್ಟೆಲ್ ಸೀಟು, ಎಲ್ಲದರ ನಡುವೆಯೂ ಇದು ಒಮ್ಮೆಯಾದರೂ ಎದ್ದು ನಿಂತಿರುತ್ತದೆ. ವಾಕ್ಯದ ವ್ಯಾಕರಣವನ್ನು ಸ್ವಲ್ಪ ಗಮನಿಸಿ. ‘ಮುಗಿದಿದೆ’ಯಂತೆ. ಮುಗಿಸಿದ್ದು ಯಾರು? ಮಳೆ ನಿಂತಿದೆ, ಹೊತ್ತು ಮುಳುಗಿದೆ ಎನ್ನುವ ಧಾಟಿಯಲ್ಲಿ ಸೆಷನ್ ಕೂಡ ತಾನೇ ತಾನಾಗಿ ಮುಗಿದುಹೋಗಿದೆ. ಕತೆ, ಕವಿತೆಗಳಲ್ಲಿ ಕರ್ತೃ ಮಾಯವಾದ ವಾಕ್ಯ ಕಂಡರೆ ಅಲ್ಲಿ ಯಾರು ಅಡಗಿದ್ದಾರೆ ಎಂದು ಹುಡುಕುವ ನಾವು, ಪರದೆಯ ಮೇಲೆ ಅದೇ ವಾಕ್ಯ ಬಂದಾಗ ಮಾತ್ರ ತಲೆಬಾಗಿಸಿ ಮತ್ತೆ ಪಾಸ್‌ವರ್ಡ್ ಒತ್ತುತ್ತೇವೆ.

ಸಂಶೋಧನೆಯ ಜೊತೆಗೆ ನಮ್ಮ ಪ್ರಯೋಗಾಲಯದ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗಿದೆ. ಹಾಗಾಗಿ ಆ ಕರ್ತೃ ಎಲ್ಲಿರುತ್ತಾನೆಂದು ಹೇಳಬಲ್ಲೆ. ಒಂದು ಕಾನ್ಫಿಗರೇಶನ್ ಕಡತದಲ್ಲಿ, ಒಂದು ಸಾಲಿನಲ್ಲಿ, ಒಂದು ಅಂಕಿಯಾಗಿ ಇರುತ್ತಾನೆ. ಆ ಅಂಕಿಯನ್ನು ಯಾರೋ ಒಬ್ಬರು ಒಂದು ದಿನ ಬರೆದಿರುತ್ತಾರೆ. ಅಥವಾ, ಹೆಚ್ಚಿನ ಕಡೆ ಆಗುವಂತೆ, ಯಾರೂ ಬರೆದಿರುವುದಿಲ್ಲ. ತಂತ್ರಾಂಶ ಬಂದಾಗ ಇದ್ದದ್ದೇ ಹಾಗೇ ಉಳಿದಿರುತ್ತದೆ.

ನನ್ನ ವಾದ ಇಷ್ಟು: ಟೈಮ್‌ಔಟ್ ಎಂಬುದು ತಾಂತ್ರಿಕ ಅನಿವಾರ್ಯತೆಯ ವೇಷ ತೊಟ್ಟ ಒಂದು ಆಡಳಿತಾತ್ಮಕ ನಿರ್ಧಾರ. ನಿರ್ಧಾರ ತೆಗೆದುಕೊಳ್ಳುವವರು ಅದರಿಂದ ಹೊರಬಿದ್ದವರ ಲೆಕ್ಕ ಇಡುತ್ತಿಲ್ಲ. ಲೆಕ್ಕ ಇಡದವರಿಗೆ ‘ಜನಕ್ಕೆ ಕಂಪ್ಯೂಟರ್ ಬರಲ್ಲ’ ಎಂದು ಗೊಣಗುವ ಹಕ್ಕಿಲ್ಲ.

ಅಂಕಿಗಳನ್ನು ಮೊದಲು ನೋಡೋಣ. ಎರಡು ಯಂತ್ರಗಳ ನಡುವೆ ಸಂಪರ್ಕ ಏರ್ಪಟ್ಟು ಎರಡೂ ಕಡೆ ಮೌನವಾದರೆ, ಆ ಕಡೆಯವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯಲು ‘ಕೀಪ್‌ಅಲೈವ್’ ಎಂಬ ವ್ಯವಸ್ಥೆ ಇದೆ. ಲಿನಕ್ಸ್‌ನಲ್ಲಿ ಅದರ ಮೂಲ ಅಂಕಿ 7200 ಸೆಕೆಂಡ್, ಅಂದರೆ ಎರಡು ಗಂಟೆ. ಆಮೇಲೆ 75 ಸೆಕೆಂಡಿಗೊಮ್ಮೆ ಒಂಬತ್ತು ಬಾರಿ ‘ಇದ್ದೀರಾ?’ ಎಂದು ಕೇಳಿ, ಉತ್ತರ ಬಾರದಿದ್ದರೆ ಮಾತ್ರ ಕೈಬಿಡುತ್ತದೆ. ಒಟ್ಟು 2 ಗಂಟೆ 11 ನಿಮಿಷ 15 ಸೆಕೆಂಡ್. ಈ ಎರಡು ಗಂಟೆ ಯಾರೋ ಕನಸಿನಲ್ಲಿ ಕಂಡದ್ದಲ್ಲ; 1989ರ ಆರ್‌ಎಫ್‌ಸಿ 1122 ಎಂಬ ದಾಖಲೆ, ಮೂಲ ಅವಧಿ ಎರಡು ಗಂಟೆಗಿಂತ ಕಡಿಮೆ ಇರಬಾರದು ಎಂದು ಕಟ್ಟುನಿಟ್ಟಾಗಿ ಹೇಳಿತು. ಹಾಗೆಯೇ, ಹೊಸ ಸಂಪರ್ಕ ಕೋರಿ ಉತ್ತರ ಬಾರದಿದ್ದಾಗ ಲಿನಕ್ಸ್ ಒಂದೇ ಸಲಕ್ಕೆ ಮುಖ ತಿರುಗಿಸುವುದಿಲ್ಲ. ಹಲವು ಬಾರಿ ಮತ್ತೆ ಕೇಳುತ್ತದೆ, ಹೋಗುತ್ತಾ ಹೋಗುತ್ತಾ ನಡುವಿನ ಬಿಡುವನ್ನು ದುಪ್ಪಟ್ಟು ಮಾಡುತ್ತದೆ. ಎರಡು ನಿಮಿಷಕ್ಕೂ ಸ್ವಲ್ಪ ಮಿಕ್ಕಿದ ಮೇಲಷ್ಟೇ ಸೋಲೊಪ್ಪುತ್ತದೆ. ಈಗಾಗಲೇ ಕಟ್ಟಿದ ಸಂಪರ್ಕದಲ್ಲಿ ಕಳಿಸಿದ ಮಾಹಿತಿಗೆ ಮರುತ್ತರ ಬಾರದಿದ್ದರಂತೂ ಸುಮಾರು ಕಾಲು ಗಂಟೆ ಪಟ್ಟು ಬಿಡುವುದಿಲ್ಲ.

ಅಂದರೆ ಕೆಳಪದರದ ಯಂತ್ರಕ್ಕೆ ತಾಳ್ಮೆ ಇದೆ. ಅದರ ಮೇಲೆ ಒಂದೊಂದೇ ಪದರ ಏರಿ ಬಂದ ಹಾಗೆ ತಾಳ್ಮೆ ಕಡಿಮೆಯಾಗುತ್ತದೆ. ಎನ್‌ಜಿನ್ಎಕ್ಸ್ ಹಿಂದಿನ ಸರ್ವರ್‌ಗಾಗಿ ಕಾಯುವ ಮೂಲ ಅವಧಿ 60 ಸೆಕೆಂಡ್. ಅಪಾಚೆ ಸುಮ್ಮನಿರುವ ಸಂಪರ್ಕವನ್ನು ಹಿಡಿದಿಡುವುದು ಬರೀ 5 ಸೆಕೆಂಡ್. ಇನ್ನು ನಡುವೆ ಕೂತ ಮೊಬೈಲ್ ಕಂಪನಿಗಳ ಜಾಲ. ಕಟ್ಟಿದ ಸಂಪರ್ಕವನ್ನು 2 ಗಂಟೆ 4 ನಿಮಿಷಕ್ಕಿಂತ ಮುಂಚೆ ಮರೆಯಬಾರದು ಎಂದು 2008ರ ಆರ್‌ಎಫ್‌ಸಿ 5382 ಹೇಳಿದರೂ, ಅದಕ್ಕಿಂತ ಬಹಳ ಬೇಗ ಕತ್ತರಿ ಆಡಿಸುವುದು ಅಲ್ಲಿ ಮಾಮೂಲು. ಇವೆಲ್ಲದರ ತುದಿಯಲ್ಲಿ ನಮ್ಮ ‘ಸೆಷನ್ ಮುಗಿದಿದೆ’.

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಜಾಲ ಕುಸಿಯಿತು. ಎರಡಕ್ಕೂ ಇದ್ದ ದೂರ ಸುಮಾರು 400 ಗಜ. ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಇಳಿಯಿತು. ಕಾಗದದ ಮೇಲೆ ಬರೆದುಕೊಂಡು ನಡೆದುಹೋಗಿ ಕೊಟ್ಟು ಬಂದಿದ್ದರೆ ಬೇಗ ಆಗುತ್ತಿತ್ತು. ವ್ಯಾನ್ ಜೇಕಬ್ಸನ್ 1988ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ ಕಾರಣಗಳಲ್ಲಿ ಒಂದು ಅವಸರ: ಉತ್ತರ ತಡವಾದ ಕೂಡಲೇ ‘ಕಳೆದುಹೋಯಿತು’ ಎಂದು ತಿಳಿದು ಯಂತ್ರಗಳು ಅದೇ ಮಾಹಿತಿಯನ್ನು ಮತ್ತೆ ಕಳಿಸುತ್ತಿದ್ದವು. ದಟ್ಟಣೆಯ ರಸ್ತೆಗೆ ಅದರಿಂದ ಇನ್ನಷ್ಟು ದಟ್ಟಣೆ. ಪರಿಹಾರದ ಒಂದು ಮುಖ್ಯ ಭಾಗ ಅಳತೆ. ಆ ಕಡೆಯವರಿಂದ ಉತ್ತರ ಬರಲು ನಿಜಕ್ಕೂ ಎಷ್ಟು ಹೊತ್ತಾಗುತ್ತಿದೆ, ಅದು ಎಷ್ಟು ಏರುಪೇರಾಗುತ್ತಿದೆ ಎಂದು ಪ್ರತಿ ಸಂಪರ್ಕಕ್ಕೂ ಬೇರೆಬೇರೆಯಾಗಿ ಅಳೆದು, ಗಡುವನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುವುದು. ಇವತ್ತಿಗೂ ನಿಮ್ಮ ಕೈಯಲ್ಲಿರುವ ಫೋನು ಇದನ್ನೇ ಮಾಡುತ್ತದೆ.

ಸುಮಾರು ನಾಲ್ಕು ದಶಕಗಳ ಹಿಂದೆಯೇ ಯಂತ್ರ ಕಲಿತ ಪಾಠವನ್ನು ಪೋರ್ಟಲ್ ಕಟ್ಟುವವರು ಇನ್ನೂ ಕಲಿತಿಲ್ಲ. ಕೆಳಗಿನ ಪದರ ಎದುರಿಗಿರುವವರ ಉಸಿರು ನೋಡಿ ಕಾಯುತ್ತದೆ. ಮೇಲಿನ ಪದರ, ಕಚೇರಿಯ ಫೈಬರ್ ಸಂಪರ್ಕದಲ್ಲಿ ಕೂತು ಪರೀಕ್ಷಿಸಿದವರ ಉಸಿರಿನ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಗಡುವು ಹಾಕುತ್ತದೆ.

ನಾನಿರುವುದು ಬೇಗೂರಿನಲ್ಲಿ. ಸುಮಾರು ಕ್ರಿ.ಶ. 890ರ ಶಾಸನವೊಂದರಲ್ಲಿ ‘ಬೆಂಗಳೂರು’ ಎಂಬ ಹೆಸರನ್ನು ಕಲ್ಲಿನ ಮೇಲೆ ಉಳಿಸಿಕೊಂಡ ಊರು. ನಾಗೇಶ್ವರ ದೇವಸ್ಥಾನದ ಆವರಣಕ್ಕೆ ಹೋದರೆ ಈಗಲೂ ಅದನ್ನು ನೋಡಬಹುದು. ಈಗ ಸುತ್ತೆಲ್ಲ ಅಪಾರ್ಟ್‌ಮೆಂಟುಗಳು, ಆ ಕಡೆ ಎಲೆಕ್ಟ್ರಾನಿಕ್ ಸಿಟಿ, ಈ ಕಡೆ ಹೊಸೂರು ರಸ್ತೆ. ದೇಶದ ಅದೆಷ್ಟೋ ಸರ್ವರ್‌ಗಳನ್ನು ಸಂಬಾಳಿಸುವವರು ಇಲ್ಲೇ ಬಾಡಿಗೆಗಿದ್ದಾರೆ. ಅವರ ಬಾಲ್ಕನಿಯ ಕೆಳಗಿನ ಸೈಬರ್ ಸೆಂಟರಿನಲ್ಲಿ ಹಳೇ ಊರಿನವರು ಸಾಲು ನಿಂತಿರುತ್ತಾರೆ. ಕೆಲ ತಿಂಗಳ ಹಿಂದೆ ಪ್ರಿಂಟ್ ತೆಗೆಸಲು ಹೋಗಿದ್ದೆ. ಮುಂದಿದ್ದ ಅಜ್ಜಿಯದು ಯಾವುದೋ ಪಿಂಚಣಿ ಅರ್ಜಿ. ಹುಡುಗ ಚಕಚಕನೆ ತುಂಬುತ್ತಿದ್ದ. ಓಟಿಪಿ ಹೋದದ್ದು ಮಗನ ಫೋನಿಗೆ, ಮಗ ಇದ್ದದ್ದು ಕೆಲಸದಲ್ಲಿ. ಅವನು ಫೋನ್ ಎತ್ತಿ, ಮೆಸೇಜ್ ಹುಡುಕಿ, ಆರು ಅಂಕಿ ಹೇಳುವ ಹೊತ್ತಿಗೆ ಪರದೆ ಮತ್ತೆ ಮೊದಲ ಪುಟಕ್ಕೆ ಹೋಗಿತ್ತು.

“ಔಟ್ ಆಯ್ತು ಅಜ್ಜಿ, ಮೊದಲಿಂದ ಹಾಕ್ಬೇಕು.”

“ನಂದೇ ನಿಧಾನ ಆಯ್ತೇನಪ್ಪ?”

ಹುಡುಗ ಉತ್ತರ ಕೊಡಲಿಲ್ಲ. ಕೊಡಬೇಕಾದವನು ಅವನೂ ಅಲ್ಲ. ಆ ಅರ್ಜಿ ಮೂರನೇ ಸಲಕ್ಕೆ ಹೋಯಿತು, ಮೂರು ಸಲ ತುಂಬಿದ ದುಡ್ಡನ್ನು ಹುಡುಗ ತೆಗೆದುಕೊಳ್ಳಲಿಲ್ಲ ಎಂಬುದು ಅವನ ದೊಡ್ಡತನ. ಈಗ ಸರ್ವರ್‌ನ ಕಡೆಯಿಂದ ಲೆಕ್ಕ ಹಾಕಿ. ಒಂದು ಅರ್ಜಿಗೆ ಮೂರು ಲಾಗಿನ್, ಮೂರು ಓಟಿಪಿ, ಮೂರು ಬಾರಿ ಅದೇ ಪುಟಗಳು, ಅದೇ ಫೋಟೋದ ಅಪ್‌ಲೋಡ್. ಲೋಡ್ ಕಡಿಮೆ ಮಾಡಲು ಗಡುವು ಇಳಿಸಿದ ಮಹಾಶಯರು ಲೋಡನ್ನು ಮೂರು ಪಟ್ಟು ಮಾಡಿಕೊಂಡರು. 400 ಗಜದ ಕತೆಯೇ ಇಲ್ಲೂ ನಡೆದದ್ದು. ಆಗ ಮತ್ತೆ ಮತ್ತೆ ಕಳಿಸುತ್ತಿದ್ದದ್ದು ಯಂತ್ರ, ಈಗ ಅಜ್ಜಿ.

ಇದಕ್ಕೆ ಸಿದ್ಧ ಉತ್ತರವೊಂದಿದೆ: ಭದ್ರತೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಜನವರಿಯಲ್ಲಿ ನಕಲಿ ಖಾತೆಗಳ ಮೂಲಕ ಬಂದ ಮನವಿಗಳ ದಾಳಿಗೆ ಸಿಕ್ಕಿ ಕುಂಟಿದ್ದು, ನೋಂದಣಿ ಕಚೇರಿಗಳಲ್ಲಿ ಜನ ಪರದಾಡಿದ್ದು, ಸೈಬರ್ ಪೊಲೀಸರಿಗೆ ದೂರು ಹೋದದ್ದು ನಾವೆಲ್ಲ ಓದಿದ ಸುದ್ದಿ. 2009ರಲ್ಲಿ ಬಯಲಿಗೆ ಬಂದ ‘ಸ್ಲೋಲೋರಿಸ್’ ಎಂಬ ದಾಳಿಯಂತೂ ಸರ್ವರ್‌ನ ತಾಳ್ಮೆಯನ್ನೇ ಆಯುಧ ಮಾಡಿಕೊಂಡದ್ದು: ಮನವಿಯನ್ನು ಚೂರುಚೂರೇ ಕಳಿಸುತ್ತಾ, ಎಂದೂ ಮುಗಿಸದೆ, ನೂರಾರು ಸಂಪರ್ಕಗಳನ್ನು ಹಿಡಿದಿಟ್ಟು ಉಳಿದವರಿಗೆ ಜಾಗವಿಲ್ಲದಂತೆ ಮಾಡುವುದು. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಲಾಗ್‌ಔಟ್ ಮಾಡದೆ ಎದ್ದುಹೋಗುವವರ ಅಪಾಯವೂ ಸುಳ್ಳಲ್ಲ.

ಆದರೆ ಈ ವಾದ ಮಾಡುವವರು ಮೂರು ಬೇರೆಬೇರೆ ಗಡಿಯಾರಗಳನ್ನು ಒಂದೇ ಚೀಲಕ್ಕೆ ಹಾಕುತ್ತಾರೆ. ಮನವಿಯ ತಲೆಬರಹ ಪೂರ್ತಿ ಬರಲು ಎಷ್ಟು ಹೊತ್ತು ಕೊಡಬೇಕು ಎಂಬುದು ಒಂದು. ಸ್ಲೋಲೋರಿಸ್‌ಗೆ ಮದ್ದು ಅಲ್ಲಿದೆ. ಅಲ್ಲಿ ಇಪ್ಪತ್ತೋ ಮೂವತ್ತೋ ಸೆಕೆಂಡಿಗೆ ಕತ್ತರಿಸಿ, ಯಾರ ತಕರಾರೂ ಇಲ್ಲ. ಸುಮ್ಮನಿರುವ ಸಂಪರ್ಕವನ್ನು ಎಷ್ಟು ಹೊತ್ತು ಹಿಡಿದಿರಬೇಕು ಎಂಬುದು ಇನ್ನೊಂದು. ಅದನ್ನು ಕತ್ತರಿಸಿದರೂ ಬ್ರೌಸರ್ ಸದ್ದಿಲ್ಲದೆ ಹೊಸದು ಕಟ್ಟಿಕೊಳ್ಳುತ್ತದೆ, ಅಜ್ಜಿಗೆ ಗೊತ್ತೂ ಆಗುವುದಿಲ್ಲ. ಆಕೆಯನ್ನು ಹೊರಗೆ ಹಾಕಿದ್ದು ಮೂರನೆಯದು, ಸೆಷನ್. ಅರ್ಜಿ ತುಂಬುತ್ತ ಯೋಚಿಸುವವರ ಸೆಷನ್ ಸರ್ವರ್‌ನಲ್ಲಿ ಒಂದೂ ಸಂಪರ್ಕವನ್ನು ಹಿಡಿದಿರಬೇಕಾಗಿಲ್ಲ. ಡೇಟಾಬೇಸಿನಲ್ಲಿ ಒಂದು ಸಣ್ಣ ದಾಖಲೆಯಾಗಿ ಮಲಗಿರುತ್ತದೆ ಅಷ್ಟೆ. ಕಾವೇರಿಯಂಥ ದಾಳಿಯನ್ನು ತಡೆಯಬೇಕಾದ್ದು ಒಂದೇ ಮೂಲದಿಂದ ಬರುವ ಮನವಿಗಳಿಗೆ ಮಿತಿ ಹಾಕಿ. ಅರ್ಧ ತುಂಬಿದ ಅರ್ಜಿಯನ್ನು ಬಿಸಾಕುವುದರಿಂದ ಯಾವ ದಾಳಿಕೋರನಿಗೂ ನಷ್ಟವಿಲ್ಲ.

ಭದ್ರತೆಯ ಪಂಡಿತರೇ ಏನು ಹೇಳುತ್ತಾರೆ? ಜಾಲತಾಣ ಭದ್ರತೆಯಲ್ಲಿ ಎಲ್ಲರೂ ಒಪ್ಪುವ ಓವಾಸ್ಪ್ ಸಂಸ್ಥೆಯ ಕೈಪಿಡಿ, ಹೆಚ್ಚಿನ ಅಪಾಯದ ತಂತ್ರಾಂಶಗಳಲ್ಲಿ 2ರಿಂದ 5 ನಿಮಿಷ, ಕಡಿಮೆ ಅಪಾಯದವುಗಳಲ್ಲಿ 15ರಿಂದ 30 ನಿಮಿಷದ ನಿಷ್ಕ್ರಿಯ ಗಡುವು ರೂಢಿಯಲ್ಲಿದೆ ಎನ್ನುತ್ತದೆ. ಬ್ಯಾಂಕಿನ ಹಣ ವರ್ಗಾವಣೆಗೆ ಇರುವ ಗಡುವನ್ನು ಹಾಸ್ಟೆಲ್ ಅರ್ಜಿಗೆ ಹಾಕುವುದು ಭದ್ರತೆಯಲ್ಲ, ನಕಲು. ಇನ್ನೊಂದು ಕಡೆ, ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯೂಸಿಎಜಿ ಇದೆ. ಅದರ ಕನಿಷ್ಠ ದರ್ಜೆಯ ನಿಯಮವೇ ಸಮಯದ ಮಿತಿಯನ್ನು ತೆಗೆಯುವ, ಬದಲಾಯಿಸುವ ಅಥವಾ ವಿಸ್ತರಿಸುವ ದಾರಿ ಇರಬೇಕೆಂದು ಕೇಳುತ್ತದೆ. ವಿಸ್ತರಣೆಯ ದಾರಿ ಆರಿಸಿದರೆ, ಗಡುವಿಗೆ ಮುಂಚೆ ಎಚ್ಚರಿಸಿ ಕನಿಷ್ಠ 20 ಸೆಕೆಂಡ್ ಕೊಡಬೇಕು, ಒಂದು ಗುಂಡಿ ಒತ್ತಿದರೆ ಮುಂದೂಡುವಂತಿರಬೇಕು, ಹಾಗೆ ಹತ್ತು ಸಲವಾದರೂ ಮುಂದೂಡಲು ಬಿಡಬೇಕು. ಭಾರತ ಸರ್ಕಾರ ತನ್ನ ಜಾಲತಾಣಗಳಿಗಾಗಿ 2023ರಲ್ಲಿ ತಂದ ಮಾರ್ಗಸೂಚಿ ನಿಂತಿರುವುದೇ ಈ ಮಾನದಂಡದ ಮೇಲೆ. ನಿಯಮ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಕದ ಹಾಕಲೇಬೇಕೆ, ಹಾಕಿ. ಹಾಕುವ ಮುಂಚೆ ಒಂದು ಮಾತು ಹೇಳಿ, ತುಂಬಿದ್ದನ್ನು ಎತ್ತಿಡಿ, ಮತ್ತೆ ಲಾಗಿನ್ ಆದಾಗ ನಿಲ್ಲಿಸಿದಲ್ಲಿಂದ ಶುರುವಾಗಲಿ.

(ಕನ್ನಡದಲ್ಲಿ ‘ಕಾಯು’ ಎಂದರೆ ಎದುರು ನೋಡು ಎಂದೂ ಹೌದು, ಕಾವಲಿರು ಎಂದೂ ಹೌದು. ಸರ್ವರ್ ಕಾಯುವವರು ಎರಡನೇ ಅರ್ಥವನ್ನೊಂದೇ ಓದಿಕೊಂಡಂತಿದೆ.)

ನನಗೆ ಹೆಚ್ಚು ಸಿಟ್ಟು ಬರುವುದು ಗಡುವಿನ ಅಂಕಿಯ ಬಗ್ಗೆ ಅಲ್ಲ, ಅದರ ಫಲವನ್ನು ಅಳೆಯುವ ರೀತಿಯ ಬಗ್ಗೆ. ಸರ್ವರ್ ಮೇಲೆ ನಿಗಾ ಇಡುವುದು ಎಂದರೆ ಹಲವರಿಗೆ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಮೆಮೊರಿ ಎಷ್ಟು ತುಂಬಿದೆ, ಸರಾಸರಿ ಉತ್ತರದ ಸಮಯ ಎಷ್ಟು ಎಂಬ ಮೂರು ಗೆರೆಗಳು. ಸರಾಸರಿಯ ಆಟ ನೋಡಿ. ನೂರು ಮನವಿಗಳಲ್ಲಿ ತೊಂಬತ್ತೈದಕ್ಕೆ ಒಂದು ಸೆಕೆಂಡಿನಲ್ಲಿ ಉತ್ತರ, ಐದಕ್ಕೆ ನಲವತ್ತು ಸೆಕೆಂಡ್ ಎಂದುಕೊಳ್ಳಿ. ಸರಾಸರಿ ಹತ್ತಿರ ಹತ್ತಿರ ಮೂರು ಸೆಕೆಂಡ್. ಈಗ ಗಡುವನ್ನು ಮೂವತ್ತಕ್ಕೆ ಇಳಿಸಿ, ಯಶಸ್ವಿಯಾದ ಮನವಿಗಳ ಸರಾಸರಿ ಮಾತ್ರ ತೆಗೆಯಿರಿ. ಒಂದೇ ಸೆಕೆಂಡ್! ಐದು ಜನರನ್ನು ಹೊರಗೆ ತಳ್ಳಿದ್ದಕ್ಕೆ ಗೆರೆ ಕೆಳಗಿಳಿಯಿತು, ಸಭೆಯಲ್ಲಿ ಚಪ್ಪಾಳೆ ಬಿತ್ತು. ಹಿಂದುಳಿದ ಮಕ್ಕಳನ್ನು ಪರೀಕ್ಷೆಗೇ ಕೂರಿಸದೆ ನೂರಕ್ಕೆ ನೂರು ಫಲಿತಾಂಶ ತೋರಿಸುವ ಶಾಲೆಗಳನ್ನು ನೋಡಿದವರಿಗೆ ಇದು ಹೊಸತೇನಲ್ಲ.

ಹೊರಬಿದ್ದವರ ಗುರುತು ಸಿಗುವುದಿಲ್ಲವೆಂದಲ್ಲ. ಲಾಗ್ ಕಡತಗಳಲ್ಲಿ ಎಲ್ಲ ಇದೆ. 408 ಎಂದರೆ ಮನವಿ ಪೂರ್ತಿ ಬರುವ ಮುಂಚೆ ಸರ್ವರ್ ಕೈಬಿಟ್ಟದ್ದು. 504 ಎಂದರೆ ನಡುವಿನ ಸರ್ವರ್ ಹಿಂದಿನದಕ್ಕಾಗಿ ಕಾದು ಸೋತದ್ದು. ಎನ್‌ಜಿನ್ಎಕ್ಸ್‌ನಲ್ಲಿ 499 ಎಂಬ ವಿಶೇಷ ಅಂಕಿಯೂ ಇದೆ: ಉತ್ತರ ಬರುವ ಮುಂಚೆ ಆ ಕಡೆಯವರೇ ಬೇಸತ್ತು ಎದ್ದುಹೋದದ್ದು. 504 ಕಂಡ ಮಾತ್ರಕ್ಕೆ ಒಳಗಿನ ಕೆಲಸ ನಿಂತಿದೆ ಎಂದೂ ಅಲ್ಲ. ಮುಂದಿನ ಪದರ 60 ಸೆಕೆಂಡಿಗೆ ಕೈಬಿಟ್ಟು, ಹಿಂದಿನ ಡೇಟಾಬೇಸಿಗೆ 120 ಸೆಕೆಂಡ್ ಬಿಟ್ಟಿದ್ದರೆ, ಬಳಕೆದಾರರಿಗೆ ‘ವಿಫಲ’ ಎಂದು ತೋರಿಸಿದ ಮೇಲೂ ಶುಲ್ಕ ಕಟ್ಟಿದ ದಾಖಲೆ ಒಳಗೆ ಬರೆದುಕೊಳ್ಳಬಹುದು. ಆತ ಮತ್ತೆ ಗುಂಡಿ ಒತ್ತುತ್ತಾನೆ, ದುಡ್ಡು ಎರಡು ಸಲ ಹೋಗುತ್ತದೆ. ಹೊರಪದರದ ಗಡುವು ಒಳಪದರದ್ದಕ್ಕಿಂತ ಹೆಚ್ಚಿರಬೇಕು ಎಂಬ ಇಷ್ಟು ಸಣ್ಣ ವಿಷಯವನ್ನು ಯಾರೂ ಒಮ್ಮೆ ಕೂತು ಜೋಡಿಸಿ ನೋಡುವುದಿಲ್ಲ, ಯಾಕೆಂದರೆ ಒಂದೊಂದು ಪದರ ಒಂದೊಂದು ಗುತ್ತಿಗೆದಾರರ ಪಾಲು.

ಹಾಗಾಗಿ ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರತಿ ಪೋರ್ಟಲ್ಲೂ ತಿಂಗಳಿಗೊಮ್ಮೆ ನಾಲ್ಕು ಅಂಕಿ ಪ್ರಕಟಿಸಲಿ: ಶುರುವಾದ ಅರ್ಜಿಗಳೆಷ್ಟು, ಮುಗಿದದ್ದೆಷ್ಟು, ಸೆಷನ್ ಗಡುವಿನಿಂದ ಹೊರಬಿದ್ದದ್ದೆಷ್ಟು, ಅತಿ ನಿಧಾನದ ನೂರರಲ್ಲೊಬ್ಬರಿಗೆ ಆದ ಸಮಯ ಎಷ್ಟು. ಗಡುವಿನ ಅಂಕಿ ಏನು, ಅದನ್ನು ಯಾವ ದಿನ ಯಾವ ಹುದ್ದೆಯವರು ನಿಗದಿ ಮಾಡಿದರು ಎಂಬುದೂ ಅದರ ಕೆಳಗೇ ಇರಲಿ. ಇದಕ್ಕೆ ಹೊಸ ಟೆಂಡರ್ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಅರ್ಜಿಗಳ ಲೆಕ್ಕ ಡೇಟಾಬೇಸಿನಲ್ಲಿದೆ, ಉಳಿದದ್ದು ಲಾಗ್‌ನಲ್ಲಿದೆ. ಲಾಗ್ ಕಡತಗಳನ್ನು ಹೆಚ್ಚಿನ ಕಡೆ ಕೆಲವೇ ವಾರಗಳಿಗೆ ಅಳಿಸಿಬಿಡುತ್ತಾರೆ, ಅಷ್ಟರೊಳಗೆ ಎಣಿಸಿದರಾಯಿತು.