ಅರಳು ಮರಳು ಎಂದು ನಕ್ಕು ಸುಮ್ಮನಾಗಬೇಡಿ



ಈ ಅಂಕಣದಲ್ಲಿ ಶೇಂಗಾದ ರೋಗ, ಹತ್ತಿಯ ಹುಳು, ದನಗಳ ಕಾಲುಬಾಯಿ ಬೇನೆ ಎಲ್ಲದರ ಬಗ್ಗೆಯೂ ಬರೆದಿದ್ದೇವೆ. ಜಗಲಿಯ ಮೇಲೆ ಕೂತಿರುವ ಹಿರಿಯರ ಮರೆವಿನ ಬಗ್ಗೆ ಮಾತ್ರ ಬರೆದಿರಲಿಲ್ಲ. ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದೇ ಇಲ್ಲ. "ಅರವತ್ತಕ್ಕೆ ಅರಳು ಮರಳು" ಎಂದು ನಕ್ಕು ಸುಮ್ಮನಾಗುತ್ತೇವೆ. ನಮ್ಮ ಮನೆಯಲ್ಲೂ ಹಾಗೆಯೇ ನಕ್ಕೆವು.

ನಮ್ಮ ತಂದೆಯವರು ಆಲೂರಿನ ಎರೆ ಹೊಲದಲ್ಲಿ ಬೇಸಾಯ ಮಾಡಿದವರು. 2015ರ ಸುಮಾರಿಗೆ ಅವರಿಗೆ ಮರೆವು ಶುರುವಾಯಿತು. ಒಂದು ದಿನ ಪಿಂಚಣಿ ಕಾಗದ ತುಂಬಿಸಲು ಬಂದ ನೌಕರರು ಜಿಲ್ಲೆ ಯಾವುದೆಂದು ತೆಲುಗಿನಲ್ಲಿ ಕೇಳಿದರು. ಅಪ್ಪ ಗಟ್ಟಿಯಾಗಿ "ಬಳ್ಳಾರಿ" ಎಂದರು. ರಾಜ್ಯ? "ಮದರಾಸು." ನೌಕರರು ಪೆನ್ನು ಕೆಳಗಿಟ್ಟು ನಕ್ಕರು, ನಾವೂ ನಕ್ಕೆವು. ಆಮೇಲೆ ಯೋಚಿಸಿದರೆ ಅಪ್ಪ ಹೇಳಿದ್ದು ಸುಳ್ಳೇನಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವ ತನಕ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಆಗ ಅಪ್ಪನಿಗೆ ಹದಿನೈದು ವರ್ಷ.

ಜೋಳದ ಹಗೇವು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊನೆಗೆ ಸುರಿದ ಕಾಳು ಮೊದಲು ಖರ್ಚಾಗುತ್ತದೆ, ತಳದ ಕಾಳು ಕೊನೆಯವರೆಗೂ ಉಳಿಯುತ್ತದೆ. ಈ ಕಾಯಿಲೆಯಲ್ಲಿ ನೆನಪು ಹೋಗುವುದೂ ಹೆಚ್ಚಾಗಿ ಹಾಗೆಯೇ. ಬೆಳಿಗ್ಗೆ ತಿಂದ ರೊಟ್ಟಿ ಮರೆತುಹೋಗುತ್ತದೆ, ಬಾಲ್ಯದಲ್ಲಿ ಕಲಿತ ಜಪ ಮರೆಯುವುದಿಲ್ಲ.

ರೊಟ್ಟಿಯದೇ ದೊಡ್ಡ ಕಥೆ. ಉಂಡು ಕೈ ತೊಳೆದ ಅರ್ಧ ಗಂಟೆಗೆ ಅಪ್ಪ ಬಂದವರ ಮುಂದೆ, "ಸೊಸಿ ನನಗ ಊಟಾನ ಹಾಕಿಲ್ಲ ನೋಡ್ರಿ" ಎನ್ನುತ್ತಿದ್ದರು. ಅತ್ತಿಗೆ ಮೊದಮೊದಲು ಅತ್ತರು, ಜಗಳವಾಡಿದರು. ಕೊನೆಗೆ ಒಂದು ಉಪಾಯ ಹುಡುಕಿದರು. ಒಂದೇ ರೊಟ್ಟಿಯನ್ನು ನಾಲ್ಕು ಚೂರು ಮಾಡಿ, ನಾಲ್ಕು ಸಲ "ಏಳ್ರಿ ಮಾವ, ಊಟ ಆಗೈತಿ" ಎಂದು ಕರೆಯುತ್ತಿದ್ದರು. ಜಗಳ ನಿಂತಿತು. ವಾದ ಮಾಡಿ ಗೆಲ್ಲಲಾಗದ ಕಡೆ ಪ್ರೀತಿ ಗೆಲ್ಲುತ್ತದೆಂದು ಅತ್ತಿಗೆಯಿಂದ ಕಲಿತೆವು.

ಒಮ್ಮೆ ರಜೆಗೆ ಮನೆಗೆ ಹೋದಾಗ ನಮ್ಮ ಬಿಳಿ ನಿಲುವಂಗಿ ನೋಡಿ ಅಪ್ಪ ಎದ್ದು ಕೈಮುಗಿದರು. ನಮ್ಮನ್ನು ತಮ್ಮ ಕಾಲದ ಗುರುಗಳೆಂದು ತಿಳಿದಿದ್ದರು. "ಸ್ವಾಮೇರ, ನಮ್ಮ ಸಣ್ಣ ಮಗ ಸೆಮಿನರಿಗೆ ಹೋಗ್ತೀನಿ ಅಂತಾನ. ಕರಕೊಂಡು ಹೋಗ್ರಿ. ಅವಗ ಕುಂಟಿ ಹೊಡ್ಯಾಕ ಬರಂಗಿಲ್ಲ, ಹೊಲದಾಗ ಇದ್ರ ಬೆಳಿ ಹಾಳು" ಎಂದರು. ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಅಪ್ಪ ಮೆಲ್ಲಗೆ, "ಅವನು ಹೋದ್ರ ಮನಿ ಬಣ ಬಣ ಅಂತೈತ್ರಿ" ಎಂದರು. ನಮ್ಮನ್ನು ಕಳಿಸುವಾಗ ಈ ಮಾತನ್ನು ಅವರು ನಮಗೆ ಹೇಳಿರಲಿಲ್ಲ.

ಹೀಗೆ ನಗುತ್ತಲೇ ಎರಡು ವರ್ಷ ಕಳೆದೆವು. 2017ರ ಒಂದು ಸಂಜೆ ಅಪ್ಪ ಎತ್ತು ನೀರಿಗೆ ಬಿಡುತ್ತೇನೆಂದು ಹೊರಟರು. ಎತ್ತು ಮಾರಿ ಹತ್ತು ವರ್ಷವಾಗಿತ್ತು. ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಬಾವಿ ಬಾವಿ ಇಣುಕಿದೆವು. ಹಿಂದಿನ ವರ್ಷವಷ್ಟೇ ಬಂದಿದ್ದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತ್ ನಾಗ್ ಅವರು ಮರೆವಿನ ತಂದೆಯಾಗಿ ಕಳೆದುಹೋಗುವುದನ್ನು ನೋಡಿದ್ದೆವು. ಆ ರಾತ್ರಿ ಅದು ಸಿನಿಮಾ ಆಗಿ ಉಳಿಯಲಿಲ್ಲ. ಬೆಳಗಿನ ಜಾವ ಅಪ್ಪ ಬಳ್ಳಾರಿ ರಸ್ತೆಯ ಪಕ್ಕದ ಜಾಲಿ ಮರದ ಕೆಳಗೆ ಸಿಕ್ಕರು.

ಆಮೇಲೆ ಬಳ್ಳಾರಿಗೆ ವೈದ್ಯರ ಹತ್ತಿರ ಕರೆದೊಯ್ದೆವು. ರಕ್ತದೊತ್ತಡ ಬಹಳ ಏರಿತ್ತು. ಅದು ಮೆದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸಿತ್ತು. "ಮೊದಲೇ ಬಂದಿದ್ದರೆ ಇಷ್ಟು ಬೇಗ ಹೆಚ್ಚಾಗುವುದನ್ನಾದರೂ ತಡೆಯಬಹುದಿತ್ತೇನೋ" ಎಂದರು ವೈದ್ಯರು. ಅಪ್ಪ 2021ರಲ್ಲಿ ತೀರಿಕೊಂಡರು. ವೈದ್ಯರ ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ. ಮರೆವಿನ ತಂದೆತಾಯಿಯ ಜೊತೆ ನಗುವುದು ತಪ್ಪಲ್ಲ, ಆ ನಗು ಮನೆಯವರನ್ನೂ ಬದುಕಿಸುತ್ತದೆ. ಚಿಕಿತ್ಸೆ ಕೊಡಿಸುವ ಬದಲು ನಗುವುದು ತಪ್ಪು. ಭಾರತದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರಿಗೆ ಈ ಬಗೆಯ ಕಾಯಿಲೆ ಇದೆಯೆಂದೂ, ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಹೆಚ್ಚೆಂದೂ 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಎಲ್ಲ ಮರೆವೂ ಗುಣವಾಗದ್ದೇನಲ್ಲ. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಬಿದ್ದು ತಲೆಗೆ ಆದ ಪೆಟ್ಟು, ಇವುಗಳಿಂದಲೂ ಮರೆವು ಬರುತ್ತದೆ. ಬೇಗ ಕಂಡುಹಿಡಿದರೆ ಇವಕ್ಕೆ ಚಿಕಿತ್ಸೆ ಇದೆ.

ಮನೆಯಲ್ಲಿ ಮಾಡಬೇಕಾದ ಕೆಲವು ಕೆಲಸಗಳು:

ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಕಿವಿ ಕೇಳಿಸದಿದ್ದರೆ ಅದನ್ನೂ ತೋರಿಸಿ.

ಕ್ರಿಮಿನಾಶಕದ ಡಬ್ಬಿಗಳನ್ನು ಬೀಗ ಹಾಕಿಡಿ. ಮರೆತವರಿಗೆ ಔಷಧಿಯ ಬಾಟಲಿಯೂ ಅದೂ ಒಂದೇ. ಬಾವಿಗೆ ಕಟ್ಟೆ ಇರಲಿ.

ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರು ಬರೆದ ಚೀಟಿ ಇಡಿ. ಸಂಜೆ ಹೊತ್ತು ಗಲಿಬಿಲಿ ಹೆಚ್ಚಾಗುವುದುಂಟು, ಆಗ ಒಬ್ಬರು ಜೊತೆಗಿರಿ.

ಕೈಗೆ ಪರಿಚಯದ ಕೆಲಸ ಕೊಡಿ. ಅಪ್ಪ ಹೆಸರು ಮರೆತರೂ ಶೇಂಗಾ ಸುಲಿಯುವುದನ್ನು, ಹಗ್ಗ ಹೊಸೆಯುವುದನ್ನು ಮರೆಯಲಿಲ್ಲ.

ನೋಡಿಕೊಳ್ಳುವ ಸೊಸೆಗೋ ಮಗಳಿಗೋ ವಾರಕ್ಕೊಂದು ದಿನ ಬಿಡುವು ಕೊಡಿ. ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ತಂದೆಯ ಬುದ್ಧಿ ಮಂಕಾದರೂ ಸೈರಣೆಯಿಂದಿರು, ನಿನಗೆ ಶಕ್ತಿ ಇದೆಯೆಂದು ಅವನನ್ನು ಹೀನೈಸಬೇಡ ಎಂಬ ಅರ್ಥದ ಬುದ್ಧಿಮಾತು ಸಿರಾಖನ ಗ್ರಂಥದ 3ನೇ ಅಧ್ಯಾಯದಲ್ಲಿದೆ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಜಗಲಿಯ ಮೇಲಿನ ಹಿರಿಯರ ಪಕ್ಕ ಹತ್ತು ನಿಮಿಷ ಕೂತುಕೊಳ್ಳಿ. ಹಳೆಯ ಮಾತು ಕೇಳಿ, ನಗಿರಿ. ಸೋಮವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.